ಓಡಿ ಹತ್ತುವ ಕಷ್ಟ ತಪ್ಪಿಸಿದ ಆಲ್ಫ್ರೆಡ್ ಸ್ಕಾಟ್

ಹಳೆಯ ಟೂ-ಸ್ಟ್ರೋಕ್ ಬೈಕು ಸಾಕಿದವರಿಗೆಲ್ಲ ಆ ಅನುಭವ ಗೊತ್ತು. ಬೆಳಗಿನ ಚಳಿಯಲ್ಲಿ ಶೆಡ್ಡಿನಿಂದ ಗಾಡಿಯನ್ನು ಹೊರಗೆ ತಳ್ಳಿ, ಪೆಟ್ರೋಲ್ ಕೊಳಾಯಿ ತಿರುಗಿಸಿ, ಚೋಕ್ ಎಳೆದು ಕಿಕ್ ಹೊಡೆಯಲು ನಿಂತರೆ ಒಂದು, ಎರಡು, ಹತ್ತು, ಇಪ್ಪತ್ತು ಎಂದು ಎಣಿಕೆ ಸಾಗುತ್ತದೆಯೇ ಹೊರತು ಎಂಜಿನ್ ಎಚ್ಚರಗೊಳ್ಳುವುದಿಲ್ಲ. ಅಂಗಿ ಬೆವರಿನಿಂದ ತೊಯ್ದ ಮೇಲೆ ಮೆಕ್ಯಾನಿಕ್ಕಿನ ನೆನಪಾಗುತ್ತದೆ. ಗುಡ್ಡಗಾಡಿನ ಕೆಸರು ದಾರಿಗೆಂದೇ ತಯಾರಾದ ಎಪ್ಪತ್ತರ ದಶಕದ ಡರ್ಟ್ ಬೈಕುಗಳಂತೂ ಈ ಹಟಮಾರಿತನಕ್ಕೆ ಹೆಸರಾದವು.

ಆದರೆ ಒದೆಯಲು ಒಂದು ಸನ್ನೆಯಾದರೂ ಇದೆ ಎಂಬುದೇ ಒಂದು ಕಾಲದಲ್ಲಿ ದೊಡ್ಡ ಸೌಭಾಗ್ಯವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೋಟಾರು ಸೈಕಲ್ ಏರಬೇಕಾದವನು ಅದನ್ನು ತಳ್ಳುತ್ತ ಓಡಬೇಕಿತ್ತು. ಎಂಜಿನ್ ಗುಡುಗಿದ ಕ್ಷಣವೇ ಹಾರಿ ಕೂರಬೇಕಿತ್ತು. ಆ ಓಟವನ್ನು ತಪ್ಪಿಸಿ, ನಿಂತಲ್ಲೇ ಕಾಲಿನಿಂದ ಎಂಜಿನ್ ಹೊತ್ತಿಸುವ ಸಾಧನವನ್ನು ಮೋಟಾರು ಸೈಕಲ್ಲಿಗೆ ಅಳವಡಿಸಿದ ಮೊದಲಿಗರೆಂದು ಇತಿಹಾಸ ಗುರುತಿಸುವುದು ಇಂಗ್ಲೆಂಡಿನ ಆಲ್ಫ್ರೆಡ್ ಆಂಗಸ್ ಸ್ಕಾಟ್ ಅವರನ್ನು. ಟೂ-ಸ್ಟ್ರೋಕ್ ಎಂಜಿನ್ನನ್ನು ಆಟಿಕೆಯ ಸ್ಥಾನದಿಂದ ಮೇಲೆತ್ತಿ ಪಂದ್ಯಗಳಲ್ಲಿ ಗೆಲ್ಲಿಸಿದವರೂ ಅವರೇ. ಸವಾರರ ಶ್ರಮ ಇಳಿಸುವುದಕ್ಕೆ ಬದುಕನ್ನೆಲ್ಲ ಸವೆಸಿದ ಆ ಮನುಷ್ಯ ತಮ್ಮ ದೇಹದ ಸುಖವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಐವತ್ತು ತುಂಬುವ ಮುನ್ನವೇ ಅವರು ತೀರಿಕೊಂಡರು.

ಬ್ರಾಡ್‌ಫರ್ಡಿನ ಬಾಲಕ

ಸ್ಕಾಟ್ ಹುಟ್ಟಿದ್ದು 1875ರಲ್ಲಿ, ಯಾರ್ಕ್‌ಶೈರ್ ಪ್ರಾಂತದ ಬ್ರಾಡ್‌ಫರ್ಡ್ ನಗರದ ಮ್ಯಾನಿಂಗ್‌ಹ್ಯಾಮ್ ಎಂಬ ಬಡಾವಣೆಯಲ್ಲಿ. ಉಣ್ಣೆ ಗಿರಣಿಗಳ ಹೊಗೆಕೊಳವೆಗಳಿಂದ ತುಂಬಿದ್ದ ಊರದು. ಉಗಿಯಂತ್ರಗಳ ಸದ್ದಿನ ನಡುವೆಯೇ ಬೆಳೆದ ಹುಡುಗನಿಗೆ ಯಂತ್ರಗಳ ಮೇಲೆ ಮೋಹ ಹುಟ್ಟಿದ್ದು ಸಹಜವೇ ಆಗಿತ್ತು. ಶಾಲಾ ವಿದ್ಯಾಭ್ಯಾಸ ಮುಗಿಸಿದ ಬಳಿಕ ಅವರು ಉಗಿಯಂತ್ರ ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸ ಕಲಿತರು. ಲೇತಿನ ಮುಂದೆ ನಿಂತು ಲೋಹ ಕೊರೆಯುವುದರಿಂದ ಹಿಡಿದು ನಕ್ಷೆ ಬರೆಯುವವರೆಗೆ ಎಲ್ಲವೂ ಅವರ ಕೈಗೆ ಒಗ್ಗಿತು.

ಸೈಕಲ್ಲಿನ ಚಕ್ರವನ್ನು ಎರಡೂ ಬದಿಯಿಂದ ಅಪ್ಪಿ ಹಿಡಿದು ನಿಲ್ಲಿಸುವ ಕ್ಯಾಲಿಪರ್ ಬ್ರೇಕಿನ ಒಂದು ಆರಂಭಿಕ ರೂಪಕ್ಕೆ ಅವರು ಪೇಟೆಂಟ್ ಪಡೆದದ್ದು 1897ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ. ಜೀವಿತಾವಧಿಯಲ್ಲಿ ಅವರ ಹೆಸರಿಗೆ ಸಂದ ಹತ್ತಾರು ಪೇಟೆಂಟುಗಳಿಗೆ ಅದು ಮುನ್ನುಡಿಯಾಯಿತು.

ಶತಮಾನ ಹೊರಳುವ ಹೊತ್ತಿಗೆ ಸ್ಕಾಟ್ ದೋಣಿಗಳಿಗಾಗಿ ಸಣ್ಣ ಎಂಜಿನ್ನುಗಳನ್ನು ಕಟ್ಟತೊಡಗಿದ್ದರು. 1901ರಲ್ಲಿ ಅಂಥ ಎಂಜಿನ್ನೊಂದನ್ನು ಸೈಕಲ್ಲಿಗೇ ಬಿಗಿದು ಓಡಿಸಿದರು. 1903ರಲ್ಲಿ ಪೂರ್ಣ ಪ್ರಮಾಣದ ಮೋಟಾರು ಸೈಕಲ್ ರೂಪಿಸಿದರು. ಮರುವರ್ಷ ತಮ್ಮ ಅವಳಿ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನಿಗೆ ಪೇಟೆಂಟ್ ಪಡೆದರು.

ಎರಡೇ ಹೆಜ್ಜೆಯ ಎಂಜಿನ್

ಆಗಿನ ಬಹುತೇಕ ತಯಾರಕರು ನಂಬಿದ್ದು ಫೋರ್-ಸ್ಟ್ರೋಕ್ ಎಂಜಿನ್ನನ್ನು. ಅದರಲ್ಲಿ ಪಿಸ್ಟನ್ ಎರಡು ಬಾರಿ ಮೇಲೇರಿ ಎರಡು ಬಾರಿ ಕೆಳಗಿಳಿದರೆ ಒಮ್ಮೆ ಮಾತ್ರ ಕಿಡಿ ಹೊತ್ತಿ ಶಕ್ತಿ ಹುಟ್ಟುತ್ತದೆ. ಟೂ-ಸ್ಟ್ರೋಕ್ ಎಂಜಿನ್ ಅದೇ ಕೆಲಸವನ್ನು ಒಂದು ಏರಿಕೆ ಮತ್ತು ಒಂದು ಇಳಿಕೆಯಲ್ಲಿ ಮುಗಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡುಗಾಲ್ಡ್ ಕ್ಲರ್ಕ್ ಈ ತತ್ವವನ್ನು ಪ್ರಯೋಗಕ್ಕೆ ತಂದಿದ್ದರು. ಬಾತ್ ನಗರದ ಜೋಸೆಫ್ ಡೇ ಅದನ್ನು ಮತ್ತಷ್ಟು ಸರಳಗೊಳಿಸಿ, ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸನ್ನೇ ಪಂಪಿನಂತೆ ಬಳಸಿದರು. ಇಂಧನ ಬೆರೆತ ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಇಳಿಯುವ ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ, ಪಕ್ಕದ ದಾರಿಯಿಂದ ಸಿಲಿಂಡರಿಗೆ ಏರುತ್ತದೆ. ಕವಾಟಗಳಿಲ್ಲ, ಅವನ್ನು ತೆರೆದು ಮುಚ್ಚುವ ಕಡ್ಡಿಗಳಿಲ್ಲ.

ಸರಳವಾದ ಈ ಎಂಜಿನ್ನಿಗೆ ಅಂದು ಒಳ್ಳೆಯ ಹೆಸರಿರಲಿಲ್ಲ. ಬೇಗ ಕಾಯುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಶಕ್ತಿ ಸಾಲದು ಎಂಬ ದೂರುಗಳಿದ್ದವು. ಸ್ಕಾಟ್ ಒಂದೊಂದು ದೂರಿಗೂ ಒಂದೊಂದು ಉತ್ತರ ಹುಡುಕಿದರು. ಕಾಯುವುದನ್ನು ತಡೆಯಲು ಸಿಲಿಂಡರಿನ ತಲೆಗೆ ನೀರಿನ ತಂಪು ಕೊಟ್ಟರು. ಬಿಸಿಯಾದ ನೀರು ತಾನಾಗಿ ಮೇಲೇರಿ, ತಣಿದದ್ದು ಕೆಳಗಿಳಿಯುವ ಸಹಜ ಚಲನೆಯನ್ನೇ ನೆಚ್ಚಿದ್ದರಿಂದ ಅದಕ್ಕೆ ಪಂಪು ಬೇಕಾಗಲಿಲ್ಲ. ಎರಡು ಸಿಲಿಂಡರುಗಳ ಮಧ್ಯೆ ಫ್ಲೈವೀಲ್ ಇರಿಸಿ, ಅದರ ಎರಡೂ ಬದಿಗೆ ಪುಟ್ಟದಾದ ಪ್ರತ್ಯೇಕ ಕ್ರ್ಯಾಂಕ್ ಕೇಸುಗಳನ್ನು ಮಾಡಿದರು. ಒಳಗಿನ ಒತ್ತಡ ಸೋರದಂತೆ ಅವುಗಳನ್ನು ಬಿಗಿಯಾಗಿ ಮುದ್ರಿಸುವ ವ್ಯವಸ್ಥೆಗೆ ವಿಶೇಷ ಗಮನ ಕೊಟ್ಟರು.

ಆ ಎರಡು ಪಿಸ್ಟನ್ನುಗಳಲ್ಲಿ ಒಂದು ಮೇಲಿದ್ದಾಗ ಇನ್ನೊಂದು ಕೆಳಗಿರುತ್ತಿತ್ತು. ಹೀಗಾಗಿ ಎಂಜಿನ್ ಅರ್ಧ ಸುತ್ತು ತಿರುಗಿದರೆ ಸಾಕು, ಒಂದಲ್ಲ ಒಂದು ಸಿಲಿಂಡರಿನಲ್ಲಿ ಕಿಡಿ ಹಾರುವ ಸರದಿ ಬರುತ್ತಿತ್ತು. ಒಂದೇ ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ನಿಗೆ ಅದೇ ಅವಕಾಶ ಸಿಗಲು ಎರಡು ಪೂರ್ಣ ಸುತ್ತು ಬೇಕು. ಕಾಲಿನ ಒಂದು ಒದೆತಕ್ಕೆ ಎಂಜಿನ್ ಏಳಬೇಕು ಎಂಬ ಆಸೆಗೆ ಇದಕ್ಕಿಂತ ಒಳ್ಳೆಯ ಅಡಿಪಾಯ ಬೇರೊಂದಿರಲಿಲ್ಲ.

ನಿಂತಲ್ಲೇ ಎದ್ದ ಗಾಡಿ

ಸ್ಕಾಟ್ ಮೋಟಾರು ಸೈಕಲ್ ಸಾರ್ವಜನಿಕರ ಎದುರು ಬಂದದ್ದು 1908ರಲ್ಲಿ. ಎಂಜಿನ್ನಿನ ಗಾತ್ರ 333 ಸಿಸಿ. ತಮ್ಮದೇ ಕಾರ್ಖಾನೆ ಇನ್ನೂ ಇಲ್ಲದ್ದರಿಂದ ಮೊದಲ ಕೆಲವು ಗಾಡಿಗಳು ತಯಾರಾದದ್ದು ಅದೇ ಊರಿನ ಜೋವೆಟ್ ಸಂಸ್ಥೆಯಲ್ಲಿ. ಮುಂದೆ ಕಾರುಗಳಿಗೆ ಪ್ರಸಿದ್ಧವಾದ ಸಂಸ್ಥೆಯದು. ಬಳಿಕ ಸ್ಕಾಟ್ ಕಂಪನಿ ಸಮೀಪದ ಶಿಪ್ಲಿಯಲ್ಲಿ ನೆಲೆಯೂರಿತು.

ಅಂದಿನ ಗಾಡಿಗಳ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಚರ್ಮದ ಬೆಲ್ಟು ನೇರವಾಗಿ ಹಾಯುತ್ತಿತ್ತು. ಅನೇಕ ಗಾಡಿಗಳಿಗೆ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಚಕ್ರ ನಿಂತರೆ ಎಂಜಿನ್ನೂ ನಿಲ್ಲಬೇಕು. ಎಂಜಿನ್ ಹೊರಳಬೇಕಾದರೆ ಚಕ್ರವೂ ಉರುಳಲೇಬೇಕು. ಎದುರಿಗೆ ದನದ ಹಿಂಡು ಬಂದು ಗಾಡಿ ನಿಲ್ಲಿಸಿದರೆ ಮತ್ತೆ ಇಳಿದು, ತಳ್ಳಿ, ಓಡಿ, ಹಾರಬೇಕು. ದಿಣ್ಣೆಯ ನಡುವೆ ನಿಂತವನ ಪಾಡು ಹೇಳತೀರದು. ವಯಸ್ಸಾದವರಿಗೆ, ಉದ್ದ ಲಂಗ ತೊಟ್ಟ ಹೆಂಗಸರಿಗೆ, ಕಾಲಿನಲ್ಲಿ ಬಲವಿಲ್ಲದವರಿಗೆ ಮೋಟಾರು ಸೈಕಲ್ ಎಂಬುದು ದೂರದಿಂದ ನೋಡುವ ವಸ್ತುವಾಗಿತ್ತು.

ಸ್ಕಾಟ್ ಕಂಡುಕೊಂಡ ಸತ್ಯವೆಂದರೆ, ಒದೆಯುವ ಸನ್ನೆಯೊಂದನ್ನು ಮಾತ್ರ ಜೋಡಿಸಿದರೆ ಈ ಕಷ್ಟ ಪರಿಹಾರವಾಗದು. ಮೊದಲು ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟನ್ನು ಬೇಕೆಂದಾಗ ಬಿಡಿಸುವಂತಿರಬೇಕು. ಆದ್ದರಿಂದ ಅವರು ಬೆಲ್ಟನ್ನು ಕೈಬಿಟ್ಟು, ಬೇರೆ ಬೇರೆ ಪ್ರಮಾಣದ ಎರಡು ಸರಪಳಿಗಳ ಮೂಲಕ ಎರಡು ವೇಗದ ಗೇರು ರೂಪಿಸಿದರು. ತಕ್ಕಡಿಯಂತೆ ತೂಗುವ ಪೆಡಲನ್ನು ಕಾಲಿನಿಂದ ಒಂದು ಕಡೆಗೆ ಒತ್ತಿದರೆ ಕಡಿಮೆ ವೇಗದ ಗೇರು, ಇನ್ನೊಂದು ಕಡೆಗೆ ಒತ್ತಿದರೆ ಹೆಚ್ಚಿನದು. ನಡುವೆ ನಿಲ್ಲಿಸಿದರೆ ಎರಡೂ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್ಲಿಗೆ ಬರುತ್ತಿತ್ತು. ಈ ಬಿಡುವಿನ ಸ್ಥಿತಿ ಸಿಕ್ಕಿದ ಮೇಲೆ ಕಿಕ್ ಸಾಧನಕ್ಕೆ ಅರ್ಥ ಬಂತು. ಸನ್ನೆಯನ್ನು ಒದೆದರೆ ಆ ತಿರುವು ಎಂಜಿನ್ನಿಗೆ ತಲುಪುತ್ತಿತ್ತು; ಎಂಜಿನ್ ಹೊತ್ತಿಕೊಂಡೊಡನೆ ಸನ್ನೆ ಅದರಿಂದ ಕಳಚಿಕೊಳ್ಳುತ್ತಿತ್ತು. ಸವಾರ ನಿಧಾನವಾಗಿ ಕುಳಿತು, ಗೇರಿಗೆ ಹಾಕಿ, ಹೊರಡುತ್ತಿದ್ದ.

ಗಾಡಿಯ ಚೌಕಟ್ಟಿನ ಮೇಲ್ಭಾಗವನ್ನೂ ಅವರು ತೆರೆದೇ ಇಟ್ಟರು. ಪೆಟ್ರೋಲ್ ಟ್ಯಾಂಕನ್ನು ಸೀಟಿನ ಕೆಳಗಿನ ಕೊಳವೆಗೆ ಜೋಡಿಸಿದರು. ಹತ್ತಿ ಇಳಿಯುವುದು ಸುಲಭವಾದ್ದರಿಂದ ಸ್ಕಾಟ್ ಗಾಡಿಗಳು ಮಹಿಳಾ ಸವಾರರಿಗೂ ಪ್ರಿಯವಾದವು.

ಗುಡ್ಡ, ದ್ವೀಪ ಮತ್ತು ಕೆಸರು

ಹೊಸ ಗಾಡಿಯ ಬಗ್ಗೆ ನಂಬಿಕೆ ಹುಟ್ಟಿಸಲು ಸ್ಕಾಟ್ ತಾವೇ ಸವಾರರಾಗಿ ಗುಡ್ಡ ಏರುವ ಸ್ಪರ್ಧೆಗಳಿಗೆ ಇಳಿದರು. 1908ರಲ್ಲೇ ಪದಕಗಳನ್ನೂ ಗೆದ್ದರು. ತಮಗೆ ಸಮನಾದ ಗಾತ್ರದ ಫೋರ್-ಸ್ಟ್ರೋಕ್ ಗಾಡಿಗಳನ್ನು ಅವು ಎಷ್ಟು ಸಲೀಸಾಗಿ ಹಿಂದೆ ಹಾಕಿದವೆಂದರೆ, ಸ್ಪರ್ಧೆಗಳನ್ನು ನಿಯಂತ್ರಿಸುತ್ತಿದ್ದ ಆಟೋ-ಸೈಕಲ್ ಯೂನಿಯನ್ ಟೂ-ಸ್ಟ್ರೋಕ್ ಎಂಜಿನ್ನಿನ ಗಾತ್ರವನ್ನು 1.32ರಿಂದ ಗುಣಿಸಿ ಲೆಕ್ಕ ಹಾಕಬೇಕೆಂಬ ನಿಯಮ ತಂದಿತು. ದಂಡವಾಗಿ ಬಂದ ಈ ನಿಯಮ ಸ್ಕಾಟ್ ಅವರಿಗೆ ಪುಕ್ಕಟೆ ಪ್ರಚಾರವಾಗಿ ಪರಿಣಮಿಸಿತು. ಕೆಲವು ವರ್ಷಗಳಲ್ಲಿ ನಿಯಮವೂ ರದ್ದಾಯಿತು.

ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಪಂದ್ಯ ಆಗ, ಈಗಿನಂತೆಯೇ, ಮೋಟಾರು ಸೈಕಲ್ಲುಗಳ ಅಗ್ನಿಪರೀಕ್ಷೆಯಾಗಿತ್ತು. 1909ರಲ್ಲಿ ಅಲ್ಲಿಗೆ ಕಾಲಿಟ್ಟ ಸ್ಕಾಟ್ ಗಾಡಿ, 1910ರಲ್ಲಿ ಪಂದ್ಯವನ್ನು ಪೂರ್ತಿ ಮುಗಿಸಿತು. 1911ರಲ್ಲಿ ಫ್ರಾಂಕ್ ಫಿಲಿಪ್ ಗಂಟೆಗೆ 50 ಮೈಲಿಗೂ ಮಿಕ್ಕಿದ ವೇಗದಲ್ಲಿ ಸೀನಿಯರ್ ಪಂದ್ಯದ ಅತಿ ವೇಗದ ಸುತ್ತನ್ನು ದಾಖಲಿಸಿದರು. 1912ರಲ್ಲಿ ಫ್ರಾಂಕ್ ಆಪಲ್ಬಿ ಮೊದಲಿನಿಂದ ಕೊನೆಯವರೆಗೂ ಮುಂದಿದ್ದು ಸೀನಿಯರ್ ಟಿಟಿ ಗೆದ್ದರು. ಟಿಟಿಯಲ್ಲಿ ಟೂ-ಸ್ಟ್ರೋಕ್ ಗಾಡಿಯೊಂದು ಪಡೆದ ಮೊದಲ ಗೆಲುವು ಅದು. 1913ರಲ್ಲಿ ಟಿಮ್ ವುಡ್ ಆ ಗೆಲುವನ್ನು ಮತ್ತೆ ತಂದುಕೊಟ್ಟರು.

ಗೆಲುವಿನ ಅಮಲಿನಲ್ಲಿ ಮೈಮರೆಯುವ ಸ್ವಭಾವ ಸ್ಕಾಟ್ ಅವರದ್ದಾಗಿರಲಿಲ್ಲ. 1914ರಲ್ಲಿ ಅವರು ತಮ್ಮ ಕಾರ್ಖಾನೆಯ ಕೆಲಸಗಾರರ ಮುಂದೆ ಒಂದು ಸವಾಲಿಟ್ಟರು. ಶಿಪ್ಲಿಯ ಕಾರ್ಖಾನೆಯಿಂದ ಹೊರಟು, ಯಾರ್ಕ್‌ಶೈರ್ ಕಣಿವೆಗಳ ಕಲ್ಲು, ಹಳ್ಳ, ಜೌಗು ದಾರಿಗಳನ್ನು ಹಾದು ಬರ್ನ್ಸಾಲ್ ಎಂಬ ಹಳ್ಳಿಯನ್ನು ಮುಟ್ಟಬೇಕು. ಹೊರಟವರು 14 ಮಂದಿ. ಗುರಿ ಮುಟ್ಟಿದವರು 9. ಗಾಡಿಯನ್ನು ಕಟ್ಟುವವನೇ ಅದರ ಮೇಲೆ ಕೆಸರಿನಲ್ಲಿ ಒದ್ದಾಡಿದರೆ, ಮರುದಿನ ಬೋಲ್ಟು ಬಿಗಿಯುವಾಗ ಅವನ ಕೈ ಹೆಚ್ಚು ಎಚ್ಚರವಾಗಿರುತ್ತದೆ. ಸ್ಕಾಟ್ ಟ್ರಯಲ್ ಎಂಬ ಹೆಸರಿನಲ್ಲಿ ಬೆಳೆದ ಆ ಸ್ಪರ್ಧೆ ಉತ್ತರ ಯಾರ್ಕ್‌ಶೈರಿನಲ್ಲಿ ನೆಲೆನಿಂತು, ಕಚ್ಚಾ ದಾರಿಯ ಬೈಕ್ ಸವಾರಿಯ ಅತಿ ಕಠಿಣ ಪರೀಕ್ಷೆಗಳಲ್ಲೊಂದೆಂಬ ಕೀರ್ತಿ ಪಡೆಯಿತು. ಇಂದಿನ ಡರ್ಟ್ ಬೈಕುಗಳ ವಂಶವೃಕ್ಷ ಬರೆಯಹೊರಟರೆ ಅದರ ಒಂದು ಬೇರು ಶಿಪ್ಲಿಯ ಆ ಕಾರ್ಖಾನೆಯ ಬಾಗಿಲಿಗೆ ಹೋಗಿ ಮುಟ್ಟುತ್ತದೆ.

ಕಾಲಿನ ಬಲವಲ್ಲ, ಎಂಜಿನ್ನಿನ ಆರೋಗ್ಯ

ಸ್ಕಾಟ್ ಬಿಟ್ಟುಹೋದ ತಿಳಿವಳಿಕೆ ಹಳೆಯ ಟೂ-ಸ್ಟ್ರೋಕ್ ಬೈಕಿನೊಡನೆ ಇಂದು ಗುದ್ದಾಡುವವರಿಗೂ ಉಪಯುಕ್ತ. ಕಿಕ್ ಹೊಡೆದು ಸುಸ್ತಾದವರು ಸಾಮಾನ್ಯವಾಗಿ ದೂರುವುದು ತಮ್ಮ ಕಾಲನ್ನು. ಕೆಲವರು ಇನ್ನೂ ಉದ್ದದ ಕಿಕ್ ಸನ್ನೆ ಹಾಕಿಸುತ್ತಾರೆ. ಸನ್ನೆ ಉದ್ದವಾದರೆ ಒದೆಯಲು ಹಗುರವಾಗುವುದು ನಿಜ. ಆದರೆ ಪಾದ ಅಷ್ಟೇ ದೂರ ಚಲಿಸಿದಾಗ ಎಂಜಿನ್ ತಿರುಗುವುದು ಕಡಿಮೆ. ಎಂಜಿನ್ ನಿಧಾನವಾಗಿ ತಿರುಗಿದರೆ ಮ್ಯಾಗ್ನೆಟೊ ಕೊಡುವ ಕಿಡಿಯೂ ಬಡವಾಗುತ್ತದೆ.

ಸ್ಕಾಟ್ ಅಷ್ಟೊಂದು ತಲೆಕೆಡಿಸಿಕೊಂಡ ಕ್ರ್ಯಾಂಕ್ ಕೇಸಿನ ಬಿಗಿತನವೇ ಇಲ್ಲಿ ಮುಖ್ಯ. ದಶಕಗಳ ಕಾಲ ನಿಂತ ಗಾಡಿಯ ಆಯಿಲ್ ಸೀಲುಗಳು ಒಣಗಿ ಬಿರುಕು ಬಿಟ್ಟಿರುತ್ತವೆ. ಆಗ ಪಂಪಿನಂತೆ ದುಡಿಯಬೇಕಾದ ಕ್ರ್ಯಾಂಕ್ ಕೇಸು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಇಂಧನದ ಮಿಶ್ರಣ ತೆಳುವಾಗುತ್ತದೆ, ಎಷ್ಟು ಒದ್ದರೂ ಎಂಜಿನ್ ಏಳುವುದಿಲ್ಲ. ಸೀಲು ಬದಲಿಸಿದರೆ ಅದೇ ಗಾಡಿ ಎರಡನೆಯ ಕಿಕ್ಕಿಗೆ ಎದ್ದೀತು. ಹಳೆಯ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಕಾರ್ಬುರೇಟರಿನ ಪೈಲಟ್ ಜೆಟ್ಟನ್ನು ಮುಚ್ಚಿರುವುದು ಎರಡನೆಯ ಸಾಮಾನ್ಯ ಕಾರಣ. ಪಾಯಿಂಟಿನ ಅಂತರ ತಪ್ಪಿರುವುದು, ಪ್ಲಗ್ಗಿಗೆ ಮಸಿ ಹಿಡಿದಿರುವುದು ಮೂರನೆಯದು.

ಒದೆಯುವುದರಲ್ಲೂ ಒಂದು ಕ್ರಮವಿದೆ. ತಣ್ಣಗಿರುವ ಎಂಜಿನ್ನಿಗೆ ಚೋಕ್ ಎಳೆದಾಗ ಆಕ್ಸಲರೇಟರ್ ತಿರುಗಿಸಬಾರದು. ತಿರುಗಿಸಿದರೆ ಚೋಕಿನ ಎಳೆತ ಸಡಿಲಗೊಳ್ಳುತ್ತದೆ. ಸನ್ನೆಯನ್ನು ಮೆಲ್ಲಗೆ ಒತ್ತುತ್ತ ಪಿಸ್ಟನ್ನಿನ ಪ್ರತಿರೋಧ ಸಿಗುವ ಜಾಗವನ್ನು ಕಂಡುಕೊಂಡು, ಅದನ್ನು ತುಸು ದಾಟಿಸಿ, ಸನ್ನೆಯನ್ನು ಮತ್ತೆ ಮೇಲಕ್ಕೆ ತಂದು, ಬಳಿಕ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಒದೆಯಬೇಕು. ಅಳುಕುತ್ತ ಅರೆಬರೆ ಒದೆದರೆ ಎಂಜಿನ್ ಹಿಮ್ಮುಖವಾಗಿ ಹೊಡೆದು ಕಾಲಿಗೆ ಪೆಟ್ಟು ಬೀಳಬಹುದು. ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾಗಿದ್ದರೆ ಕೊಳಾಯಿ ಮುಚ್ಚಿ, ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ತೆರೆದು ನಾಲ್ಕಾರು ಬಾರಿ ಒದ್ದು ಒಳಗಿನ ತೇವ ಹೊರಹಾಕಬೇಕು. ಇಂಧನದ ಆವಿ ಹೊರಬರುವುದರಿಂದ ಆಗ ಸ್ವಿಚ್ ಆರಿಸಿ, ಬಯಲಿನಲ್ಲಿ, ಬೆಂಕಿಯಿಂದ ದೂರ ನಿಂತೇ ಈ ಕೆಲಸ ಮಾಡಬೇಕು. ಹಳೆಯ ಡರ್ಟ್ ಬೈಕುಗಳಲ್ಲಿ ಅನೇಕವು ಗೇರಿನಲ್ಲಿರುವಾಗ ಕಿಕ್ಕಿಗೆ ಏಳುವುದಿಲ್ಲ; ಕಿಕ್ಕಿನ ತಿರುವು ಕ್ಲಚ್ಚನ್ನು ಹಾದೇ ಎಂಜಿನ್ನಿಗೆ ಹೋಗುವುದರಿಂದ ನ್ಯೂಟ್ರಲ್ ಹುಡುಕಿಕೊಳ್ಳುವುದು ಅನಿವಾರ್ಯ. 1908ರಲ್ಲಿ ಸ್ಕಾಟ್ ಮೊದಲು ನ್ಯೂಟ್ರಲ್ಲಿಗೆ ದಾರಿ ಮಾಡಿಕೊಂಡದ್ದೇಕೆ ಎಂಬುದು ಅಂಥ ಬೈಕಿನ ಮೇಲೆ ಗುಡ್ಡದ ನಡುವೆ ಸಿಕ್ಕಿಬಿದ್ದವನಿಗೆ ತಟ್ಟನೆ ಹೊಳೆಯುತ್ತದೆ.

ನಮ್ಮ ನಾಡಿಗೂ ಈ ಪರಂಪರೆ ಹೊಸತಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅರವತ್ತರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳೆಲ್ಲ ಟೂ-ಸ್ಟ್ರೋಕ್ ಗಾಡಿಗಳೇ. ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ ಸನ್ನೆಯಾಗುವ ಅವುಗಳ ಚಾತುರ್ಯವನ್ನು ಹಳೆಯ ಮೈಸೂರಿಗರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಒಂದೇ ಕಾಲಿಗೆ ಎರಡೂ ಕೆಲಸ ಒಪ್ಪಿಸಿದ ಆ ಸನ್ನೆಯ ಹಿಂದೆಯೂ ಇದ್ದದ್ದು ಸವಾರನ ಅನುಕೂಲದ ಚಿಂತೆಯೇ.

ಸಂಸ್ಥೆ ತೊರೆದ ಸಂಸ್ಥಾಪಕ

ಮೊದಲ ಮಹಾಯುದ್ಧ ಸ್ಕಾಟ್ ಅವರ ಬದುಕಿನ ದಿಕ್ಕನ್ನು ಬದಲಿಸಿತು. ಕಾರ್ಖಾನೆ ಸೈನ್ಯಕ್ಕಾಗಿ ಮೆಷಿನ್ ಗನ್ ಹೊತ್ತ ಸೈಡ್‌ಕಾರ್ ಗಾಡಿಗಳನ್ನು ಪೂರೈಸಿತು. ಆ ಕೆಲಸದ ನಡುವೆ ಅವರ ಮನಸ್ಸಿನಲ್ಲಿ ಹೊಸ ಕಲ್ಪನೆಯೊಂದು ಮೊಳೆಯಿತು. ಮೂರು ಚಕ್ರ, ಕಾರಿನಂಥ ಸ್ಟೀರಿಂಗ್, ಅಕ್ಕಪಕ್ಕ ಕೂರಲು ಆಸನ. ಸೈಡ್‌ಕಾರಿಗಿಂತ ಭದ್ರ, ಕಾರಿಗಿಂತ ಅಗ್ಗ. ಕಾರು ಕೊಳ್ಳಲಾಗದ ಕುಟುಂಬಗಳಿಗೆ ಇದು ವರವಾದೀತು ಎಂಬುದು ಅವರ ಎಣಿಕೆಯಾಗಿತ್ತು.

ಈ ಕನಸಿನ ಬೆನ್ನು ಹತ್ತಿ ಅವರು ತಾವೇ ಕಟ್ಟಿ ಬೆಳೆಸಿದ ಮೋಟಾರು ಸೈಕಲ್ ಸಂಸ್ಥೆಯನ್ನು 1919ರಲ್ಲಿ ತೊರೆದರು. ಹೊಸ ಕಂಪನಿ ಸ್ಥಾಪಿಸಿ ಸ್ಕಾಟ್ ಸೋಶಿಯಬಲ್ ಎಂಬ ಆ ವಾಹನವನ್ನು ಮಾರುಕಟ್ಟೆಗೆ ತಂದರು. ನೋಡಲು ಅದು ವಿಚಿತ್ರವಾಗಿತ್ತು. ಒಂದು ಬದಿಯಲ್ಲಿ ಎರಡು ಚಕ್ರ, ಇನ್ನೊಂದು ಬದಿಯಲ್ಲಿ ಒಂದೇ. ಮುಂಭಾಗದ ಒಂದು ಮೂಲೆಯ ಚಕ್ರವನ್ನು ಯಾರೋ ಕದ್ದೊಯ್ದಂತೆ ಕಾಣುತ್ತಿತ್ತು. ಸವಾರಿ ಚೆನ್ನಾಗಿದ್ದರೂ ಜನರ ಕಣ್ಣು ಅದನ್ನು ಒಪ್ಪಲಿಲ್ಲ. ಅದೇ ಹೊತ್ತಿಗೆ ನಾಲ್ಕು ಚಕ್ರದ ಸಣ್ಣ ಕಾರುಗಳ ಬೆಲೆಯೂ ಇಳಿಯತೊಡಗಿತು. ಕೆಲವೇ ನೂರರ ಆಸುಪಾಸಿನಲ್ಲಿ ಸೋಶಿಯಬಲ್ಲಿನ ತಯಾರಿಕೆ ನಿಂತುಹೋಯಿತು. ಇತ್ತ ಅವರು ಬಿಟ್ಟುಬಂದ ಸಂಸ್ಥೆ ಇಪ್ಪತ್ತರ ದಶಕದಲ್ಲಿ ಸ್ಕ್ವಿರಲ್ ಮತ್ತು ಫ್ಲೈಯಿಂಗ್ ಸ್ಕ್ವಿರಲ್ ಎಂಬ ಹೆಸರುಗಳಲ್ಲಿ ಅವರದೇ ಎಂಜಿನ್ನಿನ ಗಾಡಿಗಳನ್ನು ಮಾರಿ ಜನಪ್ರಿಯವಾಯಿತು.

ತೊಯ್ದ ಬಟ್ಟೆಯ ಪಯಣ

ಯಂತ್ರಗಳಾಚೆ ಸ್ಕಾಟ್ ಅವರಿಗಿದ್ದ ದೊಡ್ಡ ಹವ್ಯಾಸವೆಂದರೆ ಗುಹೆಗಳ ಅನ್ವೇಷಣೆ. ಯಾರ್ಕ್‌ಶೈರಿನ ಸುಣ್ಣಕಲ್ಲಿನ ಬೆಟ್ಟಗಳ ಒಡಲಲ್ಲಿ ನೀರು ಕೊರೆದ ಆಳವಾದ ಬಿಲಗಳಿವೆ. ಹಗ್ಗ ಹಿಡಿದು, ಕೊರೆಯುವ ನೀರಿನಲ್ಲಿ ನೆನೆಯುತ್ತ ಆ ಕತ್ತಲೆಗೆ ಇಳಿಯುವುದು ಅವರಿಗೆ ಪ್ರಿಯವಾಗಿತ್ತು.

1923ರಲ್ಲಿ ಅಂಥದೊಂದು ಯಾತ್ರೆ ಮುಗಿಸಿ, ತೊಯ್ದ ಬಟ್ಟೆಯಲ್ಲೇ ಅವರು ತಮ್ಮ ತೆರೆದ ಸೋಶಿಯಬಲ್ ಏರಿ ಮನೆಯ ದಾರಿ ಹಿಡಿದರು. ದಾರಿಯುದ್ದಕ್ಕೂ ಬೀಸಿದ ಗಾಳಿ ಮೈಗೆ ಹೊಕ್ಕಿತು. ನ್ಯುಮೋನಿಯಾಕ್ಕೆ ಪೆನಿಸಿಲಿನ್ ಇನ್ನೂ ಬಂದಿರದ ಕಾಲವದು. ಸ್ಕಾಟ್ ಚೇತರಿಸಿಕೊಳ್ಳಲಿಲ್ಲ. ಮಾರುಕಟ್ಟೆ ತಿರಸ್ಕರಿಸಿದ ತಮ್ಮ ಕೊನೆಯ ಕನಸಿನ ಗಾಡಿಯಲ್ಲೇ ಅವರ ಆ ಕೊನೆಯ ಪಯಣ ನಡೆದುಹೋಯಿತು.

ಸ್ಕಾಟ್ ಮೋಟಾರು ಸೈಕಲ್ ಸಂಸ್ಥೆ ಏಳುಬೀಳುಗಳನ್ನು ಕಂಡು, 1950ರಲ್ಲಿ ದಿವಾಳಿಯ ಅಂಚಿಗೆ ಬಂದು ಬರ್ಮಿಂಗ್‌ಹ್ಯಾಮಿನವರ ಕೈಸೇರಿತು. ಆಮೇಲೆ ಬೆರಳೆಣಿಕೆಯ ಗಾಡಿಗಳಷ್ಟೇ ತಯಾರಾದವು. ಟೂ-ಸ್ಟ್ರೋಕ್ ಎಂಜಿನ್ನುಗಳೂ ಹೊಗೆಯ ಕಾರಣಕ್ಕೆ ರಸ್ತೆಯಿಂದ ಬಹುಮಟ್ಟಿಗೆ ಹಿಂದೆ ಸರಿದವು. ಬೆರಳ ತುದಿಯ ಗುಂಡಿ ಒತ್ತಿದರೆ ಏಳುವ ಗಾಡಿಗಳ ನಡುವೆ ಬೆಳೆದ ಮಕ್ಕಳಿಗೆ ಕಿಕ್ ಸನ್ನೆಯೇ ಅಪರಿಚಿತ ವಸ್ತುವಾಗುತ್ತಿದೆ.

ಆದರೂ ಎಲ್ಲೋ ಒಂದು ಶೆಡ್ಡಿನಲ್ಲಿ, ಹೊಸ ಸೀಲು ಹಾಕಿಸಿ, ಜೆಟ್ಟು ಶುಚಿಮಾಡಿ, ಹಳೆಯ ಡರ್ಟ್ ಬೈಕಿನ ಮೇಲೆ ಒಬ್ಬ ಕಾಲೆತ್ತಿ ನಿಲ್ಲುತ್ತಾನೆ. ಸನ್ನೆ ಒಮ್ಮೆ ಕೆಳಗಿಳಿಯುತ್ತದೆ, ನೀಲಿ ಹೊಗೆಯೊಂದಿಗೆ ಎಂಜಿನ್ ಮಾತಾಡುತ್ತದೆ. ಅದರೊಡನೆ ಓಡಬೇಕಾಗಿಲ್ಲದ ಆ ಒಂದು ನೆಮ್ಮದಿ ಅವನಿಗೆ ಸಿಕ್ಕಿರುವುದು ಬ್ರಾಡ್‌ಫರ್ಡಿನ ಆಲ್ಫ್ರೆಡ್ ಸ್ಕಾಟ್ ಅವರಿಂದ.